ಮೂರನೆಯ ಪೀರಿಯಡ್‌ನಲ್ಲಿ ಕೇಳದ ಸೀಟಿ: ಅಮೆರಿಕದ ಕಾಲೇಜು ಐಸ್ ಹಾಕಿಯ ರೆಫರಿ ವ್ಯವಸ್ಥೆ

ಮಿನೆಸೋಟಾಕ್ಕೆ ಬಂದು 9 ಚಳಿಗಾಲ ಕಳೆದಿವೆ. ಅವುಗಳಲ್ಲಿ 6 ಚಳಿಗಾಲ ಇಲ್ಲಿಯ ಒಂದು ವಿಶ್ವವಿದ್ಯಾಲಯದ ಪುರುಷರ ಐಸ್ ಹಾಕಿ ತಂಡದ ಸೀಸನ್ ಟಿಕೆಟ್ ಪಡೆದು, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಶುಕ್ರವಾರ, ಶನಿವಾರಗಳ ಸಂಜೆಯನ್ನು ರಿಂಕಿನ ಬದಿಯಲ್ಲೇ ಕಳೆದಿದ್ದೇನೆ. ಈ ರಾಜ್ಯಕ್ಕೆ ಹೊಸದಾಗಿ ಬರುವ ಕನ್ನಡದ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಹೋಗಬಹುದೇ, ಕೊಟ್ಟ ಹಣ ಸಾರ್ಥಕವಾಗುತ್ತದೆಯೇ ಎಂದು ಕೇಳುತ್ತಲೇ ಇರುತ್ತಾರೆ. ಆಸನ, ಪಾರ್ಕಿಂಗ್, ತಿಂಡಿ, ವಿದ್ಯಾರ್ಥಿಗಳ ಬ್ಯಾಂಡ್ ಎಲ್ಲವೂ ಚೆನ್ನಾಗಿವೆ. ಅದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಆದರೆ ಟಿಕೆಟ್ ಕೊಂಡವನು ನಿಜವಾಗಿ ಹಣ ಕೊಡುವುದು ತಲಾ 20 ನಿಮಿಷದ ಮೂರು ಪೀರಿಯಡ್‌ಗಳಾಗಿ, ನ್ಯಾಯವಾಗಿ ನಡೆಯುವ 60 ನಿಮಿಷಗಳ ಆಟಕ್ಕೆ. ಆ ನ್ಯಾಯವನ್ನು ಒದಗಿಸುವವರು ಕಪ್ಪು ಬಿಳುಪಿನ ಪಟ್ಟೆ ಅಂಗಿ ತೊಟ್ಟ ನಾಲ್ವರು. ಈ ವಿಮರ್ಶೆ ಅವರ ಸೇವೆಯನ್ನೂ ಅವರನ್ನು ನೇಮಿಸುವ ವ್ಯವಸ್ಥೆಯನ್ನೂ ಕುರಿತದ್ದು.

ಹಾಕಿ ಎಂದೊಡನೆ ಕೊಡಗಿನ ಮೈದಾನ ಕಣ್ಣಮುಂದೆ ಬರುವ ನಮಗೆ ಈ ಆಟದ ಏರ್ಪಾಡು ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಸಾಮಾನ್ಯವಾಗಿ 200 ಅಡಿ ಉದ್ದ, 85 ಅಡಿ ಅಗಲದ ಮಂಜಿನ ಅಂಕಣದಲ್ಲಿ 12 ಮಂದಿ ಆಟಗಾರರ ನಡುವೆ ಇಬ್ಬರು ರೆಫರಿಗಳು, ಇಬ್ಬರು ಲೈನ್ಸ್‌ಮನ್‌ಗಳು ಇರುತ್ತಾರೆ. ತೋಳಿಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದವರು ರೆಫರಿಗಳು. ತಪ್ಪನ್ನು ಗುರುತಿಸಿ ಶಿಕ್ಷೆ ವಿಧಿಸುವುದು ಮುಖ್ಯವಾಗಿ ಅವರ ಕೆಲಸ. ಚೆಂಡಿನ ಬದಲು ಇಲ್ಲಿರುವುದು ಪಕ್ ಎಂಬ ರಬ್ಬರಿನ ಬಿಲ್ಲೆ. ಪಕ್‌ಗಿಂತ ಮೊದಲೇ ದಾಳಿಗಾರ ಎದುರಾಳಿಯ ಬ್ಲೂಲೈನ್ ಎಂಬ ನೀಲಿ ಗೆರೆ ದಾಟಿದರೆ ಆಫ್‌ಸೈಡ್, ತಮ್ಮ ಅರ್ಧದಿಂದ ಪಕ್ ಅನ್ನು ಎದುರಾಳಿಯ ಗೋಲು ಗೆರೆಯಾಚೆಗೆ ಸುಮ್ಮನೆ ಹೊಡೆದರೆ ಐಸಿಂಗ್. ಇವೆರಡನ್ನೂ ನೋಡುವುದು, ಪಕ್ ಹಾಕಿ ಆಟ ಮತ್ತೆ ಆರಂಭಿಸುವುದು, ಕೈ ಮಿಲಾಯಿಸಿದವರನ್ನು ಬಿಡಿಸುವುದು ಲೈನ್ಸ್‌ಮನ್‌ಗಳ ಪಾಲಿಗೆ ಬರುತ್ತದೆ. ಸಣ್ಣ ತಪ್ಪಿಗೆ 2 ನಿಮಿಷ, ದೊಡ್ಡದಕ್ಕೆ 5 ನಿಮಿಷ ಆಟಗಾರ ಪೆನಾಲ್ಟಿ ಬಾಕ್ಸಿನಲ್ಲಿ ಕೂರಬೇಕು. ಅಷ್ಟು ಹೊತ್ತು ಅವನ ತಂಡ ಒಬ್ಬ ಕಡಿಮೆಯಾಗಿ ಆಡಬೇಕು. 2 ನಿಮಿಷದ ಶಿಕ್ಷೆ ಎದುರಾಳಿ ಗೋಲು ಹೊಡೆದೊಡನೆ ಮುಗಿಯುತ್ತದೆ. 5 ನಿಮಿಷದ್ದು ಎಷ್ಟು ಗೋಲು ಬಿದ್ದರೂ ಪೂರ್ತಿ ಅನುಭವಿಸಲೇಬೇಕಾದದ್ದು.

ಮೊದಲು ಮೆಚ್ಚಬೇಕಾದ ಸಂಗತಿ ಹೇಳುತ್ತೇನೆ. ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಇಬ್ಬರು ಕೈಗವಸು ಕಳಚಿ ಮುಷ್ಟಿಯುದ್ಧಕ್ಕೆ ನಿಂತರೆ 5 ನಿಮಿಷ ಬಾಕ್ಸಿನಲ್ಲಿ ಕೂತು ಮತ್ತೆ ಆಟಕ್ಕೆ ಇಳಿಯುತ್ತಾರೆ. ಕಾಲೇಜು ಆಟದಲ್ಲಿ ಹಾಗಲ್ಲ. ಇಲ್ಲಿ ಹೊಡೆದಾಡಿದವನು ಆ ಪಂದ್ಯದಿಂದ ಹೊರಗೆ, ಮುಂದಿನ ಪಂದ್ಯದಿಂದಲೂ ಹೊರಗೆ. ಅದೇ ಋತುವಿನಲ್ಲಿ ಎರಡನೆಯ ಬಾರಿ ಹಾಗೆ ಮಾಡಿದರೆ ಮುಂದಿನ 2 ಪಂದ್ಯ, ಮೂರನೆಯ ಬಾರಿ 3 ಪಂದ್ಯ. ಒಂದೇ ಎದುರಾಳಿಯ ಮೇಲೆ ಶುಕ್ರವಾರ ಮತ್ತು ಶನಿವಾರ ಸತತ ಎರಡು ದಿನ ಆಡುವ ಈ ಪದ್ಧತಿಯಲ್ಲಿ ಶುಕ್ರವಾರದ ಸಿಟ್ಟಿಗೆ ಶನಿವಾರವೇ ಬೆಲೆ ತೆರಬೇಕಾಗುತ್ತದೆ. ನಾನು ನೋಡಿದ 6 ಋತುಗಳಲ್ಲಿ ನಿಜವಾದ ಹೊಡೆದಾಟ ಎನ್ನಬಹುದಾದದ್ದನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು. ಈ ಹುಡುಗರೇನು ವಿಶೇಷವಾಗಿ ಶಾಂತಸ್ವಭಾವದವರಲ್ಲ. ನಿಯಮ ಸ್ಪಷ್ಟವಾಗಿದೆ, ಶಿಕ್ಷೆ ತಪ್ಪದೆ ಬರುತ್ತದೆ ಎಂಬುದು ಪ್ರತಿಯೊಬ್ಬನಿಗೂ ಗೊತ್ತಿದೆ, ಅಷ್ಟೆ.

ಇನ್ನೊಂದು ನಿಯಮವೂ ನನಗೆ ಬಹಳ ಮೆಚ್ಚುಗೆಯಾದದ್ದು. ತಪ್ಪು ನಡೆದಾಗ ರೆಫರಿ ಕೈ ಮೇಲೆತ್ತುತ್ತಾನೆ, ಆದರೆ ತಪ್ಪು ಮಾಡಿದ ತಂಡ ಪಕ್ ವಶಪಡಿಸಿಕೊಳ್ಳುವವರೆಗೆ ಆಟ ನಿಲ್ಲಿಸುವುದಿಲ್ಲ. ಆ ನಡುವೆ ಎದುರಾಳಿ ಗೋಲು ಹೊಡೆದರೆ ಎನ್‌ಎಚ್‌ಎಲ್‌ನಲ್ಲಿ 2 ನಿಮಿಷದ ಶಿಕ್ಷೆ ರದ್ದಾಗುತ್ತದೆ. ಕಾಲೇಜಿನಲ್ಲಿ ಗೋಲು ಗೋಲೇ, ಶಿಕ್ಷೆ ಶಿಕ್ಷೆಯೇ. ಕೋಲಿನಿಂದ ಎದುರಾಳಿಯನ್ನು ಎಳೆದು ಬೀಳಿಸುವುದರಲ್ಲಿ ಲಾಭವಿಲ್ಲ ಎಂದು ಆಟಗಾರನಿಗೆ ಮನವರಿಕೆ ಮಾಡಿಕೊಡಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿಯದು.

ಇಷ್ಟು ಒಳ್ಳೆಯ ನಿಯಮಪುಸ್ತಕ ಕೈಯಲ್ಲಿರುವಾಗ ಅದನ್ನು ಇಡೀ ಪಂದ್ಯಕ್ಕೆ ಒಂದೇ ರೀತಿಯಲ್ಲಿ ಅನ್ವಯಿಸುವುದಿಲ್ಲವಲ್ಲ ಎಂಬುದೇ ನನ್ನ ಮುಖ್ಯ ದೂರು. ಕಳೆದ ಋತುವಿನ ಒಂದು ಶನಿವಾರ ನಡೆದದ್ದನ್ನು ಹೇಳುತ್ತೇನೆ. ಮೊದಲ ಪೀರಿಯಡ್‌ನ ನಾಲ್ಕನೆಯ ನಿಮಿಷದಲ್ಲಿ ನಮ್ಮ ತಂಡದ ಡಿಫೆನ್ಸ್ ಆಟಗಾರನೊಬ್ಬ, ತನ್ನನ್ನು ದಾಟಿ ಹೋಗುತ್ತಿದ್ದ ಎದುರಾಳಿಯ ಸೊಂಟಕ್ಕೆ ಕೋಲಿನ ಬಾಗಿದ ತುದಿಯನ್ನು ಕೊಕ್ಕೆಯಂತೆ ಹಾಕಿ ಎರಡು ಹೆಜ್ಜೆ ಎಳೆದ. ಹತ್ತಿರವೇ ಇದ್ದ ರೆಫರಿಯ ಕೈ ತಕ್ಷಣ ಮೇಲೇರಿತು. ಹುಕಿಂಗ್, 2 ನಿಮಿಷ. ನಮ್ಮವನೇ ಆದರೂ ತೀರ್ಪು ನ್ಯಾಯವಾದದ್ದು ಎಂದು ಅಕ್ಕಪಕ್ಕದವರೆಲ್ಲ ತಲೆದೂಗಿದೆವು. ಮೂರನೆಯ ಪೀರಿಯಡ್ ಮುಗಿಯಲು 3 ನಿಮಿಷ ಉಳಿದಿದ್ದಾಗ, 2-2 ಸಮಬಲದಲ್ಲಿ, ನಾನು ಕೂತಿದ್ದ ಗಾಜಿನ ಗೋಡೆಯ ಎದುರೇ ನಮ್ಮ ವಿಂಗರ್‌ನ ಮೇಲೆ ಅದೇ ಕೊಕ್ಕೆ ಬಿತ್ತು. ಈ ಸಲ ಎರಡು ಹೆಜ್ಜೆಯಲ್ಲ, ನಾಲ್ಕು ಹೆಜ್ಜೆ. ಹುಡುಗನ ಕೈ ಕೋಲಿನಿಂದ ಕಳಚಿತು, ಪಕ್ ಜಾರಿ ಹೋಯಿತು, ಅವನು ಮಂಡಿಯೂರಿದ. ರೆಫರಿ ಹದಿನೈದು ಅಡಿ ದೂರದಲ್ಲಿ, ಅವರ ಕಡೆಗೇ ಮುಖಮಾಡಿ ನಿಂತಿದ್ದ. ಅವನ ಬಲಗೈ ಸೊಂಟದ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಆಮೇಲೆ ಎರಡೂ ಕೈ ಅಗಲಿಸಿ, ಏನೂ ಆಗಿಲ್ಲವೆಂಬ ಸನ್ನೆ ಮಾಡಿ, ಆಟದ ಹಿಂದೆ ಜಾರಿಕೊಂಡು ಹೋದ. ನನ್ನ ಪಕ್ಕದಲ್ಲಿ ಹತ್ತು ವರ್ಷದ ಮಗಳೊಂದಿಗೆ ಬಂದಿದ್ದ ಸ್ನೇಹಿತರಿದ್ದರು. "ಆಗ ತಪ್ಪು, ಈಗ ತಪ್ಪಲ್ವಾ ಅಪ್ಪಾ?" ಎಂದು ಆ ಹುಡುಗಿ ಕೇಳಿದಳು. ಅವರ ಬಳಿಯೂ ನನ್ನ ಬಳಿಯೂ ಉತ್ತರವಿರಲಿಲ್ಲ.

ಇದಕ್ಕೆ ಈ ಆಟದ ಒಳವಲಯದಲ್ಲಿ "ಗೇಮ್ ಮ್ಯಾನೇಜ್‌ಮೆಂಟ್" ಎಂದು ಹೆಸರಿದೆ. ಪಂದ್ಯದ ಕೊನೆಯ ಹಂತದಲ್ಲಿ ಗೆಲುವು ಸೋಲನ್ನು ಆಟಗಾರರೇ ತೀರ್ಮಾನಿಸಲಿ, ರೆಫರಿ ತೀರ್ಮಾನಿಸಬಾರದು ಎಂಬುದು ಅದರ ಹಿಂದಿನ ವಾದ. ಕೇಳಲು ವಿನಯದ ಮಾತಿನಂತಿದೆ, ಆದರೆ ಯೋಚಿಸಿ ನೋಡಿದರೆ ನಿಲ್ಲುವುದಿಲ್ಲ. ಕೈ ಎತ್ತದಿರುವುದೂ ಒಂದು ತೀರ್ಪೇ. ಆ ತೀರ್ಪಿನ ಲಾಭ ಪ್ರತಿಸಲವೂ ತಪ್ಪು ಮಾಡಿದವನಿಗೆ ಹೋಗುತ್ತದೆ, ನಷ್ಟ ವೇಗವಾಗಿ, ಕೌಶಲದಿಂದ ಆಡುವವನಿಗೆ ಆಗುತ್ತದೆ. ಮುಖ ನೋಡಿ ಮಣೆ ಹಾಕುವುದು ತಪ್ಪು ಎನ್ನುವ ನಾವು, ಗಡಿಯಾರ ನೋಡಿ ಮಣೆ ಹಾಕುವುದನ್ನು ಒಪ್ಪಲು ಬರುವುದಿಲ್ಲ. ಅಷ್ಟೇ ಅಲ್ಲ, ತರಬೇತುದಾರರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆಡಿಸುತ್ತಾರೆ: ಕೊನೆಯ 10 ನಿಮಿಷಗಳಲ್ಲಿ ಹಿಡಿಯುವುದು, ಎಳೆಯುವುದು, ಅಡ್ಡಗಟ್ಟುವುದು ಕಣ್ಣಿಗೆ ಕಾಣುವಂತೆ ಹೆಚ್ಚುತ್ತದೆ. ಇದು ತಡೆಯಲಾಗದ್ದೇನೂ ಅಲ್ಲ. 2005ರಲ್ಲಿ ಎನ್‌ಎಚ್‌ಎಲ್ ಹುಕಿಂಗ್ ಮತ್ತು ಹೋಲ್ಡಿಂಗ್ ವಿರುದ್ಧ ಬಿಗಿಯಾಗಿ ನಿಂತಾಗ ಆರಂಭದಲ್ಲಿ ಪೆನಾಲ್ಟಿಗಳ ಸುರಿಮಳೆಯಾಯಿತು, ಎಲ್ಲರೂ ಗೊಣಗಿದರು. ಆಮೇಲೆ ಆಟಗಾರರು ಕೋಲನ್ನು ಮಂಜಿನ ಮೇಲೆ ಇಡಲು ಕಲಿತರು, ಆಟದ ವೇಗವೇ ಬದಲಾಯಿತು.

ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎ 2015ರಿಂದ, ಹೋರಾಟ ಹತ್ತಿರದ್ದಾಗಿದ್ದ ಪಂದ್ಯಗಳ ಕೊನೆಯ ಎರಡು ನಿಮಿಷಗಳಲ್ಲಿ ರೆಫರಿಗಳು ಕೊಟ್ಟ ಮತ್ತು ಕೊಡದೆ ಬಿಟ್ಟ ಮುಖ್ಯ ತೀರ್ಪುಗಳನ್ನು ಪರಿಶೀಲಿಸಿ, ಯಾವುದು ಸರಿ, ಯಾವುದು ತಪ್ಪು ಎಂದು ಸಾರ್ವಜನಿಕ ವರದಿ ಪ್ರಕಟಿಸುತ್ತಿದೆ. ಕಾಲೇಜು ಹಾಕಿಗೆ ತಕ್ಷಣ ಬೇಕಾದದ್ದು ಇದೇ. ಕೊಡದೆ ಬಿಟ್ಟ ತೀರ್ಪೂ ವರದಿಯಲ್ಲಿ ಬರುತ್ತದೆ ಎಂದು ಗೊತ್ತಿದ್ದರೆ, ಸೊಂಟದವರೆಗೆ ಬಂದ ಕೈ ಅಲ್ಲಿಗೇ ನಿಲ್ಲುವುದಿಲ್ಲ.

ಇನ್ನು ವಿಡಿಯೊ ಪರಿಶೀಲನೆ. ಅದರ ಅಗತ್ಯದ ಬಗ್ಗೆ ನನಗೆ ಅನುಮಾನವಿಲ್ಲ. 2021ರ ಮಾರ್ಚ್ 27ರಂದು ನಾರ್ತ್ ಡಕೋಟಾದ ಫಾರ್ಗೋದಲ್ಲಿ ನಡೆದ ರಾಷ್ಟ್ರೀಯ ಟೂರ್ನಿಯ ಪಂದ್ಯವನ್ನು ಟಿವಿಯಲ್ಲಿ ನೋಡಿದವರು ಯಾರೂ ಮರೆಯಲಾರರು. ಮಿನೆಸೋಟಾ ಡುಲುತ್ ವಿಶ್ವವಿದ್ಯಾಲಯದ ತಂಡ 2-0 ಮುಂದಿದ್ದಾಗ, ನಾರ್ತ್ ಡಕೋಟಾ ವಿಶ್ವವಿದ್ಯಾಲಯದ ತಂಡ ಕೊನೆಯ ಎರಡು ನಿಮಿಷಗಳೊಳಗೆ ಎರಡು ಗೋಲು ಹೊಡೆದು ಸಮ ಮಾಡಿತು. ಮೊದಲ ಹೆಚ್ಚುವರಿ ಅವಧಿಯಲ್ಲಿ ಡುಲುತ್ ಪಕ್ಕನ್ನು ಬಲೆಗೆ ಸೇರಿಸಿ ಸಂಭ್ರಮಕ್ಕೆ ತೊಡಗಿತು. ವಿಡಿಯೊ ನೋಡಿದಾಗ ಆ ದಾಳಿ ಆಫ್‌ಸೈಡ್ ಎಂದು ತಿಳಿದು ಗೋಲು ರದ್ದಾಯಿತು. ಆಟ ಐದನೆಯ ಹೆಚ್ಚುವರಿ ಅವಧಿಯವರೆಗೆ ಎಳೆದು, ಒಟ್ಟು 142 ನಿಮಿಷ 13 ಸೆಕೆಂಡ್ ಆಗಿದ್ದಾಗ ಡುಲುತ್‌ನ ಲ್ಯೂಕ್ ಮೈಲಿಮಾಕ್ ಹೊಡೆದ ಗೋಲಿನಿಂದ ಮುಗಿಯಿತು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎಯ ಟೂರ್ನಿಯ ಇತಿಹಾಸದಲ್ಲೇ ಅದು ಅತಿ ದೀರ್ಘ ಪಂದ್ಯ. ಗೋಲು ರದ್ದಾದ ತಂಡವೇ ಕೊನೆಗೆ ಗೆದ್ದಿತೆಂಬುದು ಕಾಕತಾಳೀಯ. ಬರಿಗಣ್ಣಿಗೆ ಕಾಣದ ತಪ್ಪನ್ನು, ಅಂಥ ಒತ್ತಡದ ಗಳಿಗೆಯಲ್ಲಿ, ನಿಯಮ ಹೇಳಿದಂತೆಯೇ ತಿದ್ದಿದರು ಎಂಬುದು ಮುಖ್ಯ. ಹೆಚ್ಚುವರಿ ಅವಧಿ ಎಂದು ಅಲ್ಲಿ ಯಾರೂ ರಿಯಾಯಿತಿ ತೋರಲಿಲ್ಲ. ಬ್ಲೂಲೈನಿನ ವಿಷಯದಲ್ಲಿ ಇಷ್ಟು ನಿಷ್ಠುರವಾಗಿರಲು ಸಾಧ್ಯವಿದ್ದರೆ, ಸೊಂಟಕ್ಕೆ ಬಿದ್ದ ಕೊಕ್ಕೆಯ ವಿಷಯದಲ್ಲಿ ಏಕೆ ಸಾಧ್ಯವಿಲ್ಲ?

ಪರಿಶೀಲನೆ ನಡೆಯುವ ರೀತಿಯ ಬಗ್ಗೆ ಮಾತ್ರ ಅಸಮಾಧಾನವಿದೆ. ನಮ್ಮ ರಿಂಕಿನಲ್ಲಿ ಇಬ್ಬರು ರೆಫರಿಗಳು ಪೆನಾಲ್ಟಿ ಬಾಕ್ಸಿನ ಬಳಿಯ ಪರದೆಯ ಮುಂದೆ ಹೆಡ್‌ಸೆಟ್ ಹಾಕಿಕೊಂಡು ಬಗ್ಗಿ ನಿಲ್ಲುತ್ತಾರೆ. ಆಟಗಾರರ ಬೆವರು ಆರುತ್ತದೆ, ಗೋಲ್‌ಕೀಪರ್ ಸುಮ್ಮನೆ ಅತ್ತಿಂದಿತ್ತ ಜಾರುತ್ತಿರುತ್ತಾನೆ. ಒಂದು ಸಲ ನನ್ನ ಗಡಿಯಾರದ ಪ್ರಕಾರ 7 ನಿಮಿಷ ಹೀಗೆ ಕಳೆದ ಮೇಲೆ ರೆಫರಿ ಮಧ್ಯಕ್ಕೆ ಬಂದು ಕೈಯನ್ನು ಎರಡು ಬದಿಗೆ ಬೀಸಿದ. ಧ್ವನಿವರ್ಧಕದಲ್ಲಿ "ಗೋಲು ಇಲ್ಲ" ಎಂಬಷ್ಟೇ ಘೋಷಣೆ ಬಂತು. ಆಫ್‌ಸೈಡೋ, ಗೋಲ್‌ಕೀಪರ್‌ಗೆ ಅಡ್ಡಿಯೋ, ಪಕ್ಕನ್ನು ಕಾಲಿನಿಂದ ಒದ್ದದ್ದೋ, ಯಾವುದೂ ತಿಳಿಯಲಿಲ್ಲ. ಮನೆಗೆ ಬಂದು ಪ್ರಸಾರದ ರೆಕಾರ್ಡಿಂಗ್ ನೋಡಿದ ಮೇಲೆ ಕಾರಣ ಊಹಿಸಿಕೊಳ್ಳಬೇಕಾಯಿತು. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಸಹಿಸಲಾಗದ ಮೌನ. ಡಿಆರ್‌ಎಸ್‌ನಲ್ಲಿ ಮೂರನೆಯ ಅಂಪೈರ್ ಯಾವ ಕೋನ ಕೇಳುತ್ತಾರೆ, ಬ್ಯಾಟಿಗೆ ಚೆಂಡು ತಾಗಿದೆಯೇ, ಎಲ್ಲಿ ಪಿಚ್ ಆಯಿತು ಎಂಬುದನ್ನೆಲ್ಲ ಒಂದೊಂದಾಗಿ ಹೇಳುತ್ತಾ ಹೋಗುವುದು ಟಿವಿ ನೋಡುವವರ ಕಿವಿಗೆ ಬೀಳುತ್ತದೆ. ತೀರ್ಪು ನಮಗೆ ಒಪ್ಪಿಗೆಯಾಗದಿದ್ದರೂ ಅದರ ದಾರಿ ಗೊತ್ತಾಗುತ್ತದೆ. ಎನ್‌ಎಚ್‌ಎಲ್‌ನಲ್ಲಿ ರೆಫರಿಯೇ ಮೈಕ್ ಮೂಲಕ ಪರಿಶೀಲನೆಯ ಫಲಿತಾಂಶವನ್ನೂ ಕಾರಣವನ್ನೂ ಪ್ರೇಕ್ಷಕರಿಗೆ ಹೇಳುತ್ತಾನೆ. ತರಬೇತುದಾರ ಮನವಿ ಸಲ್ಲಿಸಿ ಸೋತರೆ ತಂಡಕ್ಕಿರುವ ಒಂದೇ ಟೈಮ್‌ಔಟ್ ಕಳೆದುಹೋಗುವ ಕಾಲೇಜು ಆಟದಲ್ಲಿ, ಏಕೆ ಸೋತೆವು ಎಂದು ತಿಳಿಯುವ ಹಕ್ಕು ತಂಡಕ್ಕೂ ನೋಡುವವರಿಗೂ ಇದೆ. ಪ್ರತಿ ಕಾಲೇಜು ರಿಂಕಿನಲ್ಲೂ ರೆಫರಿಯ ಕೊರಳಿಗೆ ಒಂದು ಮೈಕ್ ಬರಲಿ. ಇದಕ್ಕೆ ತಗಲುವ ಖರ್ಚು ದೊಡ್ಡದಲ್ಲ.

ಮಾನದಂಡ ಒಂದೇ ಆಗಿರದಿರಲು ಇನ್ನೊಂದು ಕಾರಣ ವ್ಯವಸ್ಥೆಯ ರಚನೆಯಲ್ಲೇ ಇದೆ. ನಿಯಮಪುಸ್ತಕ ಎನ್‌ಸಿಎಎಯದು, ಎರಡು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. ಆದರೆ ರೆಫರಿಗಳನ್ನು ನೇಮಿಸುವುದು, ತರಬೇತಿ ಕೊಡುವುದು, ಅವರ ಕೆಲಸಕ್ಕೆ ಅಂಕ ಕೊಡುವುದು ಆಯಾ ಲೀಗ್. ಮಿನೆಸೋಟಾ ಒಂದರಲ್ಲೇ ಅಗ್ರ ದರ್ಜೆಯ 6 ತಂಡಗಳಿವೆ. ಅವುಗಳಲ್ಲಿ ಮಿನಿಯಾಪೊಲಿಸ್‌ನ ಮಿನೆಸೋಟಾ ವಿಶ್ವವಿದ್ಯಾಲಯದ ತಂಡವಾದ ಗೋಫರ್ಸ್ ಬಿಗ್ ಟೆನ್ ಎಂಬ ಲೀಗಿನಲ್ಲಿ, ಡುಲುತ್ ಮತ್ತು ಸೇಂಟ್ ಕ್ಲೌಡ್ ಎನ್‌ಸಿಎಚ್‌ಸಿಯಲ್ಲಿ, ಮ್ಯಾಂಕೇಟೊ ಮತ್ತು ಬೆಮಿಜಿ ಸಿಸಿಎಚ್‌ಎಯಲ್ಲಿ ಆಡುತ್ತವೆ. ಕಾರಿನಲ್ಲಿ ಒಂದೆರಡು ಗಂಟೆಯ ದೂರದಲ್ಲಿರುವ ಎರಡು ರಿಂಕುಗಳಲ್ಲಿ ಒಂದೇ ರೀತಿಯ ಡಿಕ್ಕಿಗೆ ಒಂದು ಕಡೆ 5 ನಿಮಿಷ, ಇನ್ನೊಂದು ಕಡೆ 2 ನಿಮಿಷ ಬೀಳುವುದನ್ನು ನಾನೇ ಕಂಡಿದ್ದೇನೆ. ಇಡೀ ಚಳಿಗಾಲ ತಮ್ಮ ಲೀಗಿನ ರೂಢಿಗೆ ಹೊಂದಿಕೊಂಡ ಹುಡುಗರು ಮಾರ್ಚ್‌ನಲ್ಲಿ 16 ತಂಡಗಳ ರಾಷ್ಟ್ರೀಯ ಟೂರ್ನಿಗೆ ಹೋದಾಗ, ಪಕ್ಷಪಾತದ ಮಾತು ಬರಬಾರದೆಂದು ಬೇರೆ ಲೀಗಿನ ರೆಫರಿಗಳನ್ನು ಹಾಕುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಸೋತರೆ ಮನೆಗೆ ಹೋಗಬೇಕಾದ ಪಂದ್ಯದಲ್ಲಿ ಆಟಗಾರ ಮೊದಲ ಸಲ ಹೊಸ ಅಳತೆಗೋಲನ್ನು ಎದುರಿಸುತ್ತಾನೆ. ಲೀಗುಗಳ ಗಡಿಯನ್ನು ದಾಟಿ ಎಲ್ಲ ರೆಫರಿಗಳಿಗೂ ಒಂದೇ ಕಡೆ ತರಬೇತಿ, ಒಂದೇ ಮೇಲ್ವಿಚಾರಣೆ ಇರುವ ರಾಷ್ಟ್ರೀಯ ವ್ಯವಸ್ಥೆ ಬರುವವರೆಗೆ ಈ ತೊಡಕು ಬಗೆಹರಿಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಲೆಗೆ ಬೀಳುವ ಹೊಡೆತ, ಹಿಂದಿನಿಂದ ಗೋಡೆಗೆ ಗುದ್ದುವುದು, ಇವುಗಳ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪಲಾರೆ. 1995ರ ಅಕ್ಟೋಬರ್ 20ರಂದು ಬಾಸ್ಟನ್ ವಿಶ್ವವಿದ್ಯಾಲಯದ ಟ್ರಾವಿಸ್ ರಾಯ್ ತನ್ನ ಮೊದಲ ಕಾಲೇಜು ಪಂದ್ಯದಲ್ಲಿ ಮಂಜಿಗೆ ಇಳಿದ 11 ಸೆಕೆಂಡಿನಲ್ಲಿ ತಲೆ ಮುಂದಾಗಿ ಗೋಡೆಗೆ ಅಪ್ಪಳಿಸಿ, ಕುತ್ತಿಗೆಯ ಮೂಳೆ ಮುರಿದು, ಬದುಕಿನ ಉಳಿದ 25 ವರ್ಷಗಳನ್ನು ಗಾಲಿಕುರ್ಚಿಯಲ್ಲಿ ಕಳೆದರು. ಅಂದು ಯಾರೂ ನಿಯಮ ಮೀರಿರಲಿಲ್ಲ. ತಪ್ಪಿಲ್ಲದೆಯೂ ಇಂಥದ್ದು ಸಂಭವಿಸಬಹುದಾದ ಆಟದಲ್ಲಿ, ಬೆನ್ನು ತೋರಿಸಿ ನಿಂತವನನ್ನು ಬೇಕೆಂದೇ ಗುದ್ದಿದವನಿಗೆ ಗಡಿಯಾರದ ಮುಲಾಜು ಸಲ್ಲದು. ಮುಖವನ್ನು ಪೂರ್ತಿ ಮುಚ್ಚುವ ಮುಸುಕು ಕಾಲೇಜು ಆಟದಲ್ಲಿ ಕಡ್ಡಾಯ; ಅದು ಹಲ್ಲು, ಕಣ್ಣುಗಳನ್ನು ಕಾಯುತ್ತದೆ, ಕುತ್ತಿಗೆಯನ್ನು ಕಾಯುವುದಿಲ್ಲ. ಪಂದ್ಯದ ನಂತರ ಲೀಗ್ ಅಮಾನತು ವಿಧಿಸಿದಾಗಲೂ ನಮಗೆ ಸಿಗುವುದು ಹೆಚ್ಚಾಗಿ ನಾಲ್ಕು ಸಾಲಿನ ಪ್ರಕಟಣೆ. ಎನ್‌ಎಚ್‌ಎಲ್ 2011ರಿಂದ ಪ್ರತಿ ಅಮಾನತಿಗೂ ವಿಡಿಯೊ ಬಿಡುಗಡೆ ಮಾಡಿ, ಯಾವ ಕೋನದಲ್ಲಿ ಭುಜ ತಲೆಗೆ ತಾಗಿತು, ತಪ್ಪಿಸಿಕೊಳ್ಳಲು ಅವಕಾಶವಿತ್ತೇ ಎಂದು ವಿವರಿಸುತ್ತಿದೆ. ಹದಿನೆಂಟು ಇಪ್ಪತ್ತರ ವಿದ್ಯಾರ್ಥಿಗಳಿಗೆ ಅಂಥ ವಿವರಣೆ ವೃತ್ತಿಪರರಿಗಿಂತ ಹೆಚ್ಚು ಅಗತ್ಯ, ಏಕೆಂದರೆ ಅವರು ಇನ್ನೂ ಕಲಿಯುತ್ತಿದ್ದಾರೆ.

ಈ ಸುಧಾರಣೆಗಳಿಗೆ ಈಗ ಅವಸರವೂ ಇದೆ. ಕೆನಡಾದ ಯುವ ಆಟಗಾರರ ಅಗ್ರ ದರ್ಜೆಯಾದ ಮೇಜರ್ ಜೂನಿಯರ್ ಲೀಗುಗಳಲ್ಲಿ ಆಡಿದವರನ್ನು ವೃತ್ತಿಪರರೆಂದು ಪರಿಗಣಿಸಿ ಕಾಲೇಜು ಆಟದಿಂದ ದೂರವಿಟ್ಟಿದ್ದ ನಿಯಮವನ್ನು ಎನ್‌ಸಿಎಎ 2024ರ ನವೆಂಬರ್‌ನಲ್ಲಿ ಕೈಬಿಟ್ಟಿತು. 2025ರ ಆಗಸ್ಟ್ 1ರಿಂದ ಅವರಿಗೆ ಬಾಗಿಲು ತೆರೆಯಿತು. ಆಟದ ಮಟ್ಟ ಏರುತ್ತಿದೆ, ವೇಗ ಹೆಚ್ಚುತ್ತಿದೆ. ಬೇರೆ ಶಿಸ್ತಿನಲ್ಲಿ ಬೆಳೆದ ಹುಡುಗರಿಗೆ ಇಲ್ಲಿಯ ಗೆರೆ ಎಲ್ಲಿದೆ ಎಂದು ಮೊದಲ ದಿನದಿಂದಲೇ ತೋರಿಸಬೇಕು.

ರೆಫರಿಗಳ ಮೇಲೆಯೇ ಎಲ್ಲ ಹೊರೆಯನ್ನೂ ಹಾಕುವುದು ನನ್ನ ಉದ್ದೇಶವಲ್ಲ. ಇವರಲ್ಲಿ ಹೆಚ್ಚಿನವರಿಗೆ ಇದು ಪೂರ್ಣಾವಧಿ ಉದ್ಯೋಗವಲ್ಲ. ವಾರವಿಡೀ ಬೇರೆ ಕೆಲಸ ಮಾಡಿ, ಶುಕ್ರವಾರ ಮಧ್ಯಾಹ್ನ ಹಿಮದ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಬಂದು, ರಾತ್ರಿ ಸಾವಿರಾರು ಮಂದಿಯ ಬೈಗುಳ ಕೇಳಿ, ಶನಿವಾರ ಮತ್ತೆ ಅದೇ ಆಟಗಾರರ ನಡುವೆ ನಿಲ್ಲುತ್ತಾರೆ. ಪಕ್ ತಗುಲಿ ಕಾಲು ಊದಿಕೊಂಡ ಲೈನ್ಸ್‌ಮನ್ ಒಬ್ಬರು ಒಂದು ಗಳಿಗೆ ಬಾಗಿ ನಿಂತು ಸುಧಾರಿಸಿಕೊಂಡು, ಮುಂದಿನ ಆಫ್‌ಸೈಡನ್ನು ಗೆರೆಯ ಮೇಲೆಯೇ ನಿಂತು ಸರಿಯಾಗಿ ಗುರುತಿಸಿದ್ದನ್ನು ನೋಡಿ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದ್ದೇನೆ. ಇವರಿಗೆ ಪೂರ್ಣಾವಧಿಯ ಸಂಬಳ, ವಾರದ ನಡುವೆ ವಿಡಿಯೊ ನೋಡಿ ಕಲಿಯುವ ಸಮಯ, ತಪ್ಪು ಒಪ್ಪಿಕೊಂಡರೆ ತಲೆ ಹೋಗುವುದಿಲ್ಲ ಎಂಬ ಭರವಸೆ ಬೇಕು. ತರಬೇತುದಾರನ ಸಂಬಳಕ್ಕೆ ಧಾರಾಳವಾಗಿ ಖರ್ಚು ಮಾಡುವ ಸಂಸ್ಥೆಗಳು ಪಂದ್ಯದ ನ್ಯಾಯಕ್ಕೆ ಕೈ ಬಿಗಿ ಹಿಡಿಯುವುದು ಸರಿಯಲ್ಲ.

ಅಂಕ ಕೊಡುವುದಾದರೆ, ಲೈನ್ಸ್‌ಮನ್‌ಗಳಿಗೆ 5ಕ್ಕೆ 4.5, ರೆಫರಿಗಳಿಗೆ ಮೊದಲ ಎರಡು ಪೀರಿಯಡ್‌ಗಳಲ್ಲಿ 4, ಮೂರನೆಯದರಲ್ಲಿ 2. ಪ್ರೇಕ್ಷಕರಿಗೆ ಕಾರಣ ತಿಳಿಸುವುದರಲ್ಲಿ 1. ಮುಂದಿನ ಋತುವಿಗೂ ನನ್ನ ಟಿಕೆಟ್ ನವೀಕರಿಸಿದ್ದೇನೆ. ನವೀಕರಣದ ಅರ್ಜಿಯ ಜೊತೆಗೆ, ರೆಫರಿಗೆ ಮೈಕ್ ಮತ್ತು ಕೊನೆಯ 10 ನಿಮಿಷಗಳ ಸಾರ್ವಜನಿಕ ವರದಿ ಬೇಕೆಂದು ಲೀಗ್ ಕಚೇರಿಗೆ ಪತ್ರವನ್ನೂ ಬರೆದಿದ್ದೇನೆ. ಹೊಸದಾಗಿ ಹೋಗುವವರು ಗಾಜಿಗೆ ಅಂಟಿದ ಮುಂದಿನ ಸಾಲುಗಳನ್ನು ಬಿಟ್ಟು, ಬ್ಲೂಲೈನಿನ ನೇರಕ್ಕೆ ಹತ್ತು ಹನ್ನೆರಡನೆಯ ಸಾಲಿನಲ್ಲಿ ಕೂರಿರಿ. ಅಲ್ಲಿಂದ ಆಫ್‌ಸೈಡ್ ಗೆರೆ ಸ್ಪಷ್ಟವಾಗಿ ಕಾಣುತ್ತದೆ, ರೆಫರಿಯ ಕೈಯೂ ಕಾಣುತ್ತದೆ. ಮಕ್ಕಳಿಗೆ ದಪ್ಪ ಕಾಲುಚೀಲ ಹಾಕಿ.